ಅಪ್ಪಯ್ಯನ ಪಂಚೆ

ಗೇರುಸೊಪ್ಪದ ತವರುಮನೆಗೆ ಹೋಗಿದ್ದಾಗಿನ ಮಾತು. ಬೆಳಗಿನ ಜಾವ ಬಚ್ಚಲಲ್ಲಿ ಬಟ್ಟೆ ಒಗೆಯುವ ಸದ್ದಾಯಿತು. ಎದ್ದು ನೋಡಿದರೆ ಅಪ್ಪಯ್ಯ ತಮ್ಮ ಪಂಚೆಯನ್ನು ತಾವೇ ಹಿಂಡುತ್ತಿದ್ದರು. ಜೀವಮಾನದಲ್ಲಿ ಒಂದು ಟವೆಲ್ಲನ್ನೂ ಒಗೆದವರಲ್ಲ. ನನ್ನನ್ನು ಕಂಡು ಮುಖ ತಿರುಗಿಸಿ, "ನಿನಗೆಂತಕ್ಕೆ? ಹೋಗಿ ಮಲಗು" ಎಂದರು.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆಂದು ದೂರದೂರಿನಲ್ಲಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಜೀವ ಉಳಿಯಿತೆಂದು ದೇವರಿಗೆ ಕಾಯಿ ಒಡೆಸಿದ್ದೆವು. ಆದರೆ ಕೆಮ್ಮಿದರೆ, ಎದ್ದು ನಿಂತರೆ ಮೂತ್ರ ಸೋರುತ್ತಿತ್ತು. ಹೀಗಾಗಬಹುದೆಂದು ಆಸ್ಪತ್ರೆಯಿಂದ ಬರುವಾಗ ಯಾರೂ ಬಿಡಿಸಿ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡುತ್ತಿದ್ದವರು ಆಟದ ಸುದ್ದಿಯನ್ನೇ ಬಿಟ್ಟಿದ್ದರು. ಹೊನ್ನಾವರದ ಬಸ್ಸು ಹತ್ತುವುದೂ ನಿಂತಿತ್ತು.

ಹಟ ಹಿಡಿದು ಬೇರೊಬ್ಬ ಡಾಕ್ಟರ ಬಳಿ ಕರೆದೊಯ್ದೆ. ಅವರು ಚಿತ್ರ ಬರೆದು ತೋರಿಸಿದರು. ಗಂಡಸರಲ್ಲಿ ಮೂತ್ರ ತಡೆಯಲು ಎರಡು ಬಾಗಿಲುಗಳಿವೆಯಂತೆ: ಒಂದು ಮೂತ್ರಕೋಶದ ಕುತ್ತಿಗೆಯಲ್ಲಿ, ಇನ್ನೊಂದು ಪ್ರಾಸ್ಟೇಟಿನ ಕೆಳಗೆ. ಗ್ರಂಥಿ ತೆಗೆಯುವಾಗ ಮೇಲಿನ ಬಾಗಿಲು ಬಹುಮಟ್ಟಿಗೆ ಹೋಗುತ್ತದೆ. ಕೆಳಗಿನದೊಂದೇ ಇಡೀ ಭಾರ ಹೊರಬೇಕು.

ಆಮೇಲೆ ಈ ಚಿಕಿತ್ಸೆಯ ಚರಿತ್ರೆಯನ್ನು ಹುಡುಕಿ ಓದಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ 1904ರಲ್ಲಿ ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನು ತೆಗೆದರು. ಜೀವ ಉಳಿದರೆ ಸಾಕೆನ್ನುವ ಕಾಲ ಅದು. ಅದೇ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಅಕ್ಕಪಕ್ಕದ ನರಗಳನ್ನು ಉಳಿಸುವ ನಾಜೂಕಿನ ಕ್ರಮ ತಂದರು.

ಸೋರಿಕೆಗೇ ಪರಿಹಾರ ಹುಡುಕಿದವರು ಬೇರೆ. ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ 1972ರಲ್ಲಿ ಕೃತಕ ಬಾಗಿಲನ್ನು ದೇಹದೊಳಗೇ ಕೂರಿಸಿದರು. ಅದರ 1983ರ ಸುಧಾರಿತ ರೂಪ ಇಂದಿಗೂ ಬಳಕೆಯಲ್ಲಿದೆ. ಮೂತ್ರನಾಳದ ಸುತ್ತ ದ್ರವ ತುಂಬಿದ ಪಟ್ಟಿ, ಹೊಟ್ಟೆಯೊಳಗೆ ಪುಟ್ಟ ಬಲೂನು, ವೃಷಣಚೀಲದಲ್ಲಿ ಒಂದು ಪಂಪು. ಪಂಪು ಒತ್ತಿದರೆ ದ್ರವ ಬಲೂನಿಗೆ ಹೋಗಿ ಪಟ್ಟಿ ಸಡಿಲಾಗುತ್ತದೆ. ಕೆಲವು ನಿಮಿಷಗಳಲ್ಲಿ ತಾನೇ ಮತ್ತೆ ಬಿಗಿಯುತ್ತದೆ. ಹೆಚ್ಚು ಸೋರುವವರಿಗೆ ಇದು.

ಅಷ್ಟು ಸೋರದವರಿಗೆ ಮೂತ್ರನಾಳದಡಿ ಜೋಲಿಯಂತೆ ಆಸರೆ ಕೊಡುವ ಜಾಲರಿ ಪಟ್ಟಿಯಿದೆ. ಗಂಡಸರ ಇಂಥದೊಂದು ಪಟ್ಟಿಯ ವರದಿ ಬಂದದ್ದು 2007ರಲ್ಲಿ. ಅದಕ್ಕೂ ಮೊದಲೇ, 1996ರಲ್ಲಿ, ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಹೆಂಗಸರಿಗೆಂದು ಅಂಥ ಪಟ್ಟಿಯ ಆಪರೇಷನ್ನನ್ನು ಪ್ರಕಟಿಸಿದ್ದರು. ಹೆಂಗಸರಿಗೆ ಹುಡುಕಿದ್ದು ಗಂಡಸರಿಗೂ ಒದಗಿತು!

ಡಾಕ್ಟರು ಅಪ್ಪಯ್ಯನಿಗೆ ಮೊದಲು ಹೇಳಿದ್ದೂ ಹೆಂಗಸರ ಮದ್ದನ್ನೇ. ಹೆರಿಗೆಯ ನಂತರ ಮೂತ್ರ ಸೋರುವ ಬಾಣಂತಿಯರನ್ನು ನೋಡಿ ಲಾಸ್ ಏಂಜಲೀಸಿನ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ ಅದು. ಹೊರಟ ಮೂತ್ರವನ್ನು ನಡುವೆ ತಡೆಯುವ ಸ್ನಾಯುವಿದೆಯಲ್ಲ, ಅದನ್ನು ಬಿಗಿಹಿಡಿದು ಸಡಿಲಿಸುವುದು. "ದಿನವೂ ಮಾಡಿ. ಆರು ತಿಂಗಳು, ವರ್ಷ ಕಳೆದರೂ ನಿಲ್ಲದಿದ್ದರೆ ಆಪರೇಷನ್ ವಿಚಾರ ಮಾಡೋಣ" ಎಂದರು.

ಮನೆಗೆ ಬಂದು ಜಗಲಿಯಲ್ಲಿ ಕೂತು ಇದನ್ನೆಲ್ಲ ಆಯಿಗೆ ವಿವರಿಸಿದೆ. ಅಡಿಕೆ ಹೋಳು ಮಾಡುತ್ತಿದ್ದ ಆಯಿ ತಲೆ ಎತ್ತದೆ, "ಸೀನಿದರೆ ನನಗೂ ಹಾಗೇ ಆಗುವುದು. ನೀನು ಹುಟ್ಟಿದಾಗಿನಿಂದ" ಎಂದಳು.

ನನಗಾಗ ಐವತ್ತು ದಾಟಿತ್ತು. ಅಷ್ಟು ವರ್ಷ ಆಕೆ ಯಾರೂ ಏಳುವ ಮೊದಲೇ ಎದ್ದು ಸೀರೆ ಒಗೆಯುತ್ತಿದ್ದಳು. ಅದನ್ನು ಮಡಿ ಎಂದುಕೊಂಡಿದ್ದೆವು. ಅಪ್ಪಯ್ಯನ ಪಂಚೆ ಮೂರೇ ತಿಂಗಳಿಗೆ ನನ್ನ ಕಣ್ಣಿಗೆ ಬಿದ್ದಿತ್ತು.

ಅಪ್ಪಯ್ಯನಿಗೆ ಆಪರೇಷನ್ ಬೇಕಾಗಲಿಲ್ಲ. ಎಂಟನೆಯ ತಿಂಗಳಿಗೆ ಸೋರುವುದು ಬಹುತೇಕ ನಿಂತು, ಆ ಬೇಸಿಗೆಯಲ್ಲಿ ಆಟಕ್ಕೂ ಹೋಗಿಬಂದರು. ಆಯಿಯನ್ನೂ ಡಾಕ್ಟರಿಗೆ ತೋರಿಸಿದೆ. ಬೆಳಿಗ್ಗೆ ಚಾ ಕುಡಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು, ತುಟಿ ಬಿಗಿದು ಹತ್ತರವರೆಗೆ ಎಣಿಸುತ್ತಿದ್ದರು. "ಎಣಿಕೆ ತಪ್ಪಿತು ನಿಮಗೆ" ಎಂದು ಆಯಿ ಗದರುವುದು ಒಳಗಿನವರೆಗೆ ಕೇಳಿಸುತ್ತಿತ್ತು.