ಸೊನ್ನಲಿಗೆಯ ಕೆರೆ, ಏಕರೂಕಿನ ಕಾಲುವೆ

ಸೊಲ್ಲಾಪುರದ ನಡುವೆ, ಬಹಮನಿ ಕಾಲದ ಭುಯಿಕೋಟೆಯ (ಬಯಲುನೆಲದಲ್ಲಿ ಕಟ್ಟಿದ ಕೋಟೆಗೆ ಆ ಸೀಮೆಯ ಹೆಸರು) ಗೋಡೆಗೆ ಒತ್ತಿಕೊಂಡು ಹರಡಿರುವ ಸಿದ್ಧೇಶ್ವರ ಕೆರೆಯನ್ನು, ಗಿರಣಿಗಳ ಈ ಊರಿಗೆ ಬಂದವರು ಗುಡಿಯ ಸುತ್ತಲಿನ ತಣ್ಣನೆಯ ನೀರೆಂದೇ ಕಾಣುತ್ತಾರಾದರೂ, ಮೂಲತಃ ಅದು ಬೆವರು ಸುರಿಸಿ ಅಗೆದು ಕಟ್ಟಿದ ಕೆರೆ. ಮಳೆ ನೆರಳಿಗೆ ಸಿಕ್ಕಿ, ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುವ ಈ ನಾಡಿನಲ್ಲಿ ನಿಂತ ನೀರೆಲ್ಲ ಯಾರೋ ನಿಲ್ಲಿಸಿದ ನೀರೇ.

12ನೆಯ ಶತಮಾನದಲ್ಲಿ ಸೊನ್ನಲಿಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ, ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ವಚನ ರಚಿಸಿದ ಶರಣ ಸಿದ್ಧರಾಮನು ಗುಡಿ ಕಟ್ಟಿಸಿ, ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿ, ಕೆರೆ ತೋಡಿಸಿದನೆಂಬುದನ್ನು ರಾಘವಾಂಕನ ಕಾವ್ಯವೂ ಜನರ ನೆನಪೂ ಒಂದೇ ಬಗೆಯಾಗಿ ಹೇಳುತ್ತವೆ. ಶೂನ್ಯಸಂಪಾದನೆಯ ಪ್ರಕಾರ, ಕೆಲಸ ನಡೆದಿದ್ದ ಸ್ಥಳಕ್ಕೇ ಬಂದ ಅಲ್ಲಮಪ್ರಭು ಅವನನ್ನು ‘ಒಡ್ಡರಾಮ’ ಎಂದು ಕೂಗಿದನು. ಒಡ್ಡ ಎಂದರೆ ಮಣ್ಣು ಅಗೆದು ಕಲ್ಲು ಒಡೆದು ಏರಿ ಕಟ್ಟುವವನು. ತಮ್ಮ ಗುರುವಿಗೆ ಆದ ಅವಮಾನವೆಂದು ಕೆರಳಿದ ಕೆಲಸಗಾರರು ಅಲ್ಲಮನ ಮೇಲೆ ಕಲ್ಲೆಸೆದರಂತೆ. ಹೊರಗಿನ ಕೆರೆಗಿಂತ ಒಳಗಿನ ಅರಿವು ದೊಡ್ಡದೆಂಬುದು ಕಥೆಯ ತಾತ್ಪರ್ಯವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಆದರೆ ಇತಿಹಾಸ ಓದುವವರಿಗೆ ಎಸೆಯಲು ಕೈಗೆಟುಕುವಷ್ಟು ಕಲ್ಲು ಅಲ್ಲಿ ರಾಶಿ ಬಿದ್ದಿತ್ತೆಂಬ ಮಾತೂ, ಬೈಗುಳವಾಗಿ ಬಂದ ಹೆಸರು ಒಂದು ಕಸುಬಿನ ಹೆಸರಾಗಿತ್ತೆಂಬುದೂ ಕಡಿಮೆ ಮುಖ್ಯವಲ್ಲ.

ಏಳು ಶತಮಾನಗಳ ಬಳಿಕ ಬ್ರಿಟಿಷರ ಆಳ್ವಿಕೆಯಲ್ಲಿ ನೀರು ನಿಲ್ಲಿಸುವ ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಮರಳಿ ಬಂದಿತು. ಊರಿನ ಈಶಾನ್ಯಕ್ಕೆ, ಹಿಪ್ಪರಗಿಯ ಬಳಿ ಅದಿಲಾ ಹೊಳೆಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ 1871ರಲ್ಲಿ ಮುಗಿಸಿದ ಏಕರೂಕ್ ಕೆರೆಯಿಂದ, ಎತ್ತರದ ಮಟ್ಟದಲ್ಲಿಯೂ ತಗ್ಗಿನ ಮಟ್ಟದಲ್ಲಿಯೂ ಕಾಲುವೆಗಳನ್ನು ತೆಗೆದರು; ಮೇಲಿನವು ಕೆರೆ ತುಂಬಿದ್ದಾಗ ಮಾತ್ರ ಹರಿಯುವಂಥವು, ಕೆಳಗಿನದು ವರ್ಷವಿಡೀ ಹರಿಯಲೆಂದು ತೋಡಿದ್ದು. ಆರೇ ವರ್ಷಗಳಲ್ಲಿ, 1877ರಲ್ಲಿ, ಮೊದಲ ಬಟ್ಟೆ ಗಿರಣಿ ಸೊಲ್ಲಾಪುರದಲ್ಲಿ ಕೆಲಸ ಆರಂಭಿಸಿತು. ಕನ್ನಡವನ್ನೇ ಮನೆಮಾತಾಗಿ ಆಡುವ ಕುಟುಂಬಗಳು ಇಂದಿಗೂ ಬಹಳವಿರುವ ಅಕ್ಕಲಕೋಟೆಯ ಕಡೆ, ಮುಂದೆ ಬೋರಿ ಹೊಳೆಗೆ ಕಟ್ಟಿದ ಕುರನೂರ ಅಣೆಕಟ್ಟೂ ಇದೇ ಸಾಲಿಗೆ ಸೇರಿದ್ದು.

ಏಕರೂಕಿನ ಏರಿ ಸರ್ಕಾರಿ ಕಡತಕ್ಕೆ ಸೇರಿದ್ದರೆ, ಸಿದ್ಧರಾಮನ ಕೆರೆ ಜಾತ್ರೆಗೆ ಸೇರಿತು. ಮಕರ ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಧ್ವಜಗಳನ್ನು, ಅಂದರೆ ಎತ್ತರದ ಬಿದಿರ ಕೋಲುಗಳನ್ನು, ಹೊತ್ತವರು ಊರಿನ ಅರುವತ್ತೆಂಟು ಲಿಂಗಗಳಿಗೆ ಎಣ್ಣೆ ಎರೆಯುತ್ತ ಸುತ್ತಿ, ಮರುದಿನ ಕೆರೆಯ ಪಕ್ಕದ ಸಮ್ಮತಿ ಕಟ್ಟೆಯಲ್ಲಿ ಐತಿಹ್ಯದ ಕುಂಬಾರ ಕನ್ಯೆಯೊಡನೆ ಸಿದ್ಧರಾಮನ ಯೋಗದಂಡದ ಮದುವೆಗೆ ಅಕ್ಷತೆ ಹಾಕಿಸುತ್ತಾರೆ. ಮೊದಲ ದಿನದ ಆ ವಿಧಿಯನ್ನು ಮರಾಠಿ ಪತ್ರಿಕೆಗಳು ಈಗಲೂ ‘ಯಣ್ಣೀಮಜ್ಜನ’ ಎಂದೇ ಅಚ್ಚುಹಾಕುತ್ತವೆ.