ನೀಲಿ ಮದ್ದಿನ ಕಥೆ ಮತ್ತು ಹಿತ್ತಲ ಒಂಬತ್ತು ಮರ

ರೋಹಿಣಿ ಮಳೆ ಹುಟ್ಟೋ ಹೊತ್ತಾಯ್ತು. ಎರಡು ದಿನದಿಂದ ಹಿತ್ತಲ ಕೆಲಸ ಹಿಡಿದಿದ್ದೇನೆ. ದರಗು ಗುಡಿಸಿದೆ, ಬಸಿಗಾಲುವೆಯ ಮಣ್ಣು ಎತ್ತಿದೆ. ಬಚ್ಚಲ ಹಿಂದೆ ಒಂಬತ್ತು ಅಡಿಕೆ ಮರ ಇದೆ. ಅದರ ತಲೆಯಲ್ಲಿ ಹೋದ ವರ್ಷದ ಒಣಗಿದ ಕೊನೆಗಳು ನೇತಾಡ್ತಿದ್ದವು, ಇಳಿಸಿ ಸುಟ್ಟೆ. ನಾಳೆ ಬಿಸಿಲಿದ್ದರೆ ಮದ್ದು. ಪಕ್ಕದ ಮನೆ ಹುಡುಗ ನೋಡಿ, "ಒಂಬತ್ತು ಮರಕ್ಕೆ ಯಾಕಿಷ್ಟು ಒದ್ದಾಟ ಮಾವ?" ಅಂದ. ನಿಂತ ಕಾಲಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೂರು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ತೋಟಕ್ಕೆ ಹೊತ್ತಿಗೆ ಸರಿಯಾಗಿ ಮದ್ದು ಹೊಡೆಸಿದೆ. ಹಿತ್ತಲ ಮರ ಮನೆ ಖರ್ಚಿಗೆ ತಾನೇ ಅಂತ ಬಿಟ್ಟೆ. ಪುನರ್ವಸು ಮಳೆಯಲ್ಲಿ ಬಚ್ಚಲ ಹಿಂದೆ ಹಸಿರು ಕಾಯಿ ಉದುರೋಕೆ ಶುರುವಾಯ್ತು. ಎರಡನೇ ಮದ್ದಿಗೆ ಮಳೆ ಬಿಡಲಿಲ್ಲ, ಮೊದಲಿನದು ತೊಳೆದುಹೋಗಿತ್ತು. ಗಾಳಿ ಮಳೆ ಒಟ್ಟಿಗೆ ಬಂದು, ಆಶ್ಲೇಷ ಮುಗಿಯೋ ಹೊತ್ತಿಗೆ ಹಿತ್ತಲಿಗೆ ತಾಗಿದ ನಾಲ್ಕು ಸಾಲಿನ ಕಾಯಿ ಅರ್ಧಕ್ಕರ್ಧ ನೆಲದ ಮೇಲಿತ್ತು. ಆ ವರ್ಷ ಮಗಳ ಕಾಲೇಜಿಗೆ ಸಾಲ ಮಾಡಬೇಕಾಯ್ತು. ಆಮೇಲೆ ಈ ಮದ್ದು ಎಲ್ಲಿಂದ ಬಂತು, ಯಾಕೆ ಕೆಲಸ ಮಾಡ್ತದೆ ಅಂತ ಓದೋಕೆ ಕೂತೆ.

ಕಥೆ ಶುರುವಾಗೋದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅಲ್ಲಿ ಫಿಲಾಕ್ಸೆರಾ ಅನ್ನೋ ಹುಳ ಅಮೆರಿಕದಿಂದ ಬಂದು ಬಳ್ಳಿಯ ಬೇರು ತಿಂದು ಹಾಳು ಮಾಡಿತು. ಅದಕ್ಕೆ ತಡೆಯೋ ಬೇರು ಬೇಕು ಅಂತ ಅಮೆರಿಕದಿಂದಲೇ ಬಳ್ಳಿ ತರಿಸಿದರು. ಬಳ್ಳಿ ಜೊತೆ ಇನ್ನೊಂದು ರೋಗ ಬಂತು, ಎಲೆಯ ಅಡಿಯಲ್ಲಿ ಬಿಳಿ ಬೂಜು ಹಿಡಿಯೋ ರೋಗ. 1878ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕಂಡದ್ದು. ಈಗ ನಾವು ಎಲ್ಲೆಲ್ಲಿಂದಲೋ ಸಸಿ ತರ್ತೇವಲ್ಲ, ಆಗ ಈ ಮಾತು ನೆನಪಿರಲಿ.

1882ರಲ್ಲಿ ಬೋರ್ಡೊ ವಿಶ್ವವಿದ್ಯಾಲಯದ ಮಿಲಾರ್ಡೆ ಅನ್ನೋ ಪ್ರೊಫೆಸರು ಮೆಡಾಕ್ ಸೀಮೆಯಲ್ಲಿ ಹೋಗ್ತಿದ್ದಾಗ ಒಂದು ವಿಚಿತ್ರ ಕಂಡರು. ತೋಟವೆಲ್ಲ ಎಲೆ ಉದುರಿ ನಿಂತಿದೆ, ರಸ್ತೆ ಪಕ್ಕದ ಸಾಲು ಮಾತ್ರ ಹಸಿರಾಗಿದೆ. ವಿಚಾರಿಸಿದರೆ ಅದು ರೋಗಕ್ಕೆ ಮಾಡಿದ ಉಪಾಯವೇ ಅಲ್ಲ. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು, ವಿಷ ಅಂತ ಹೆದರಬೇಕು ಅಂತ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು! ಮಿಲಾರ್ಡೆ ಅಲ್ಲಿಗೆ ಬಿಡಲಿಲ್ಲ. ಗೇಯೋನ್ ಅನ್ನೋ ರಸಾಯನಶಾಸ್ತ್ರದವರ ಜೊತೆ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೊ ದ್ರಾವಣ.

ಈ ಕಡೆ ನಮ್ಮ ಮಲೆನಾಡಲ್ಲಿ ಆಗ ಕೊಳೆಗೆ ಇದ್ದ ಉಪಾಯ ಕೊಟ್ಟೆ ಕಟ್ಟೋದು. ಮಳೆಗೆ ಮೊದಲೇ ಕೊನೆಕೊನೆಗೂ ಕರಡದ ಕೊಟ್ಟೆ ಹೊದಿಸಬೇಕು. ನನ್ನ ಅಜ್ಜಯ್ಯ ಕಟ್ಟಿಸಿದವರೇ. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬರೋದಿಲ್ಲ ಅಂತ ಹಿರಿಯರು ಕಂಡುಕೊಂಡಿದ್ದರು. ಯಾಕೆ ಅನ್ನೋದು ಗೊತ್ತಿರಲಿಲ್ಲ, ಆದರೆ ಲೆಕ್ಕ ಸರಿ ಇತ್ತು.

ಯಾಕೆ ಅಂತ ಹುಡುಕಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ರೋಗ ತರೋದು ಫೈಟಾಫ್ತೊರಾ ಕುಲದ ಜೀವಿ ಅಂತ ತೋರಿಸಿದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಗಿಡ ನಾಶಕ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆಸಿ, ಸುಮಾರು ಹತ್ತು ಲಕ್ಷ ಜನ ಸಾಯೋ ಹಾಗೆ ಮಾಡಿದ್ದೂ ಇದೇ ಕುಲದ್ದು. ಇದರ ಬೀಜಕಣ ನೀರಿನಲ್ಲಿ ಈಜ್ತದೆ. ಅಜ್ಜಯ್ಯನ ಕೊಟ್ಟೆ ಕೆಲಸ ಮಾಡಿದ್ದು ಅದಕ್ಕೇ. ದ್ರಾಕ್ಷಿಯ ನೀಲಿ ಮದ್ದನ್ನೇ ಅಡಿಕೆ ಕೊನೆಗೆ ಹೊಡೆಯಬಹುದು ಅಂತ ಕೋಲ್ಮನ್ ಹೇಳಿಕೊಟ್ಟರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದದ್ದರಲ್ಲೂ ಇವರ ಕೈ ಇದೆ.

ಈಗ ಮುಖ್ಯ ಮಾತು. ಈ ಮದ್ದು ರೋಗ ವಾಸಿ ಮಾಡೋದಲ್ಲ, ಕಾಯಿ ಮೇಲೆ ಕೂತು ಕಾವಲು ಕಾಯೋದು. ಮೈಲುತುತ್ತ ಒಂದೇ ಹೊಡೆದರೆ ಎಲೆ ಸುಡ್ತದೆ. ಸುಣ್ಣ ಸೇರಿದಾಗ ಹುಳಿ ಮುರಿದು, ನೀಲಿ ಪದರ ಆಗಿ ಅಂಟಿ ಕೂರ್ತದೆ. ಅದರಿಂದ ತಾಮ್ರ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು, ಈಜಿ ಬಂದ ಬೀಜಕಣ ಮೊಳೆಯೋಕೆ ಬಿಡೋದಿಲ್ಲ. ಒಳಗೆ ಹೊಕ್ಕ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉಳಿಯೋದಿಲ್ಲ. ಅದಕ್ಕೇ ಮಳೆ ಹಿಡಿಯೋ ಮೊದಲು ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ. ಹೋದ ವರ್ಷದ ಕೊಳೆತ ಕೊನೆ, ಕಾಯಿ ಬಿಟ್ಟರೆ ರೋಗಕ್ಕೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಅಳತೆ ಗೊತ್ತಿದ್ದದ್ದೇ, ಹೊಸಬರಿಗೆ ಬರೀತೇನೆ. 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆ ಸುಣ್ಣ, 100 ಲೀಟರ್ ನೀರು. ಹಿತ್ತಲಿಗೆ 10 ಲೀಟರ್ ಸಾಕು ಅಂದರೆ ಎರಡೂ 100 ಗ್ರಾಂ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡ್ತಾ ಹೊಯ್ಯಿರಿ. ಕಬ್ಬಿಣದ ಚೂರಿ ಅದ್ದಿ ನೋಡಿ. ಚೂರಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು. ಮಾಡಿದ ದಿನವೇ ಹೊಡೆದು ಮುಗಿಸಿ.

ಹಾಗಂತ ಸುಮ್ಮನೆ ಸುರಿಯೋ ಮದ್ದಲ್ಲ. ನೂರಕ್ಕೂ ಹೆಚ್ಚು ವರ್ಷ ಹೊಡೆದು ಫ್ರಾನ್ಸಿನ ದ್ರಾಕ್ಷಿ ತೋಟದ ಮಣ್ಣಲ್ಲಿ ತಾಮ್ರ ಸೇರಿಕೊಂಡಿದೆ. ಯುರೋಪಿನಲ್ಲಿ ಈಗ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ, ಅದಕ್ಕಿಂತ ಹೆಚ್ಚು ಬಳಸೋ ಹಾಗಿಲ್ಲ ಅಂತ ಕಾನೂನು ಇದೆ. ಹೊತ್ತಿಗೆ ಸರಿಯಾಗಿ ಎರಡು ಸಲ ಹೊಡೆದವನು, ಹೊತ್ತು ತಪ್ಪಿ ನಾಲ್ಕು ಸಲ ಹೊಡೆದವನಿಗಿಂತ ಮಣ್ಣಿಗೂ ಒಳ್ಳೆಯವನು.

ಕಡೆಗೆ ಒಂದು ಕೇಳಿಕೆ. ನಮ್ಮ ಸಾಲು ಮನೆಗಳಲ್ಲಿ ಎಲ್ಲರ ಹಿತ್ತಲಲ್ಲೂ ಐದು ಹತ್ತು ಮರ ಇದೆ. ಕೆಲವು ಮನೆಯವರು ಊರಲ್ಲಿ ಇಲ್ಲ, ಮತ್ತೆ ಕೆಲವರಿಗೆ ಹತ್ತಿಸೋಕೆ ಜನ ಇಲ್ಲ. ಕೊಳೆಗೆ ಬೇಲಿ ಗೊತ್ತಿಲ್ಲ ಮಾರಾಯ್ರೆ. ನನ್ನ ಹತ್ತಿರ ದೋಟಿ ಇದೆ, ಪಂಪು ಇದೆ. ಮೈಲುತುತ್ತ, ಸುಣ್ಣ ನೀವು ತಂದರೆ ಒಂದು ದಿನ ಎಲ್ಲ ಸೇರಿ ಸಾಲಾಗಿ ಮುಗಿಸೋಣ. ಮೃಗಶಿರಾ ಹುಟ್ಟೋ ಮೊದಲು ಯಾವ ದಿನ ಆಗ್ತದೆ ಹೇಳಿ.