ಹುಬ್ಬಳ್ಳಿಯ ಪ್ಲೇಗೂ ಲಸಿಕೆಯೂ

ಕ್ರಿ. ಶ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ಘೋರವಾಗಿ ಪೀಡಿಸಿತು. ಹಾಫ್‌ಕಿನ್ ಪಂಡಿತರು 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಡಾಕ್ಟರ ಲ್ಯೂಮನ್ನರು ಇಲ್ಲಿಯ ಸಾವಿರಾರು ಜನರಿಗೆ ಹಾಕಿದರು. ಚುಚ್ಚಿಸಿಕೊಂಡವರಲ್ಲಿ ಸಾವು ವಿರಳ, ಉಳಿದವರಲ್ಲಿ ಹೆಚ್ಚು. ಈ ಭೇದವು ಕಣ್ಣಿಗೆ ಕಾಣುವಂತಿದ್ದಿತು.

ಆದರೆ ವರ್ಷಗಟ್ಟಲೆ ಗಳಿಸಿದ ವಿಶ್ವಾಸವು ಒಂದು ದಿನದಲ್ಲಿ ಕೆಡುವದುಂಟು. 1902ರಲ್ಲಿ ಪಂಜಾಬದ ಮಲ್ಕೋವಾಲದಲ್ಲಿ ಇದೇ ಲಸಿಕೆ ಪಡೆದ 19 ಜನರು ಧನುರ್ವಾತದಿಂದ ಮಡಿದರು. ಕೆಟ್ಟಿದ್ದುದು ಒಂದೇ ಸೀಸೆ. ಅಪವಾದವು ಹಾಫ್‌ಕಿನ್ನರಿಗೂ ಅವರ ಲಸಿಕೆಗೂ ತಟ್ಟಿತು. ಅವರು ನಿರ್ದೋಷಿಗಳೆಂದು ತೀರ್ಮಾನವಾಗಲು 1907ನೆಯ ಇಸವಿಯೇ ಬರಬೇಕಾಯಿತು.

ಕೂಸಿನ ತೋಳನ್ನು ಮುಂದೊಡ್ಡುವ ತಾಯಿಗೆ ಲಸಿಕೆಯ ಗುಣದಲ್ಲಿ ಮಾತ್ರವಲ್ಲ, ಅದನ್ನು ಹಾಕುವ ಕೈಯ ಶುಚಿಯಲ್ಲಿಯೂ ನಂಬಿಗೆಯಿರಬೇಕು.